ಪೆಟ್ರೋಲ್ ಕಾರಿಂದ ಇವಿಗೆ: ಮೈಸೂರಿನ ಒಂದು ಮನೆಯ ಪೂರ್ತಿ ಲೆಕ್ಕ

ಇವಿ, ಅಂದ್ರೆ ಬ್ಯಾಟರಿಯಲ್ಲಿ ಓಡೋ ಎಲೆಕ್ಟ್ರಿಕ್ ಕಾರು, ತಗೋಬೇಕು ಅನ್ನೋರು ಮೊದಲು ಕೇಳೋದು ಯಾವಾಗಲೂ ಒಂದೇ, ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ. ನನ್ನ ಅಕ್ಕ-ಭಾವನ ಮನೇಲಿ ಪೆಟ್ರೋಲ್ ಕಾರ್ ಹೋಗಿ ಇವಿ ಬಂದಿದ್ದನ್ನ ಶುರುವಿಂದ ಹತ್ತಿರ ಇದ್ದು ನೋಡಿದೀನಿ, ನೋಡಿದ ಮೇಲೆ ನನಗನ್ಸಿದ್ದು ಏನಂದ್ರೆ ಆ ಪ್ರಶ್ನೆ ಎರಡನೇ ದಿನ ಕೇಳಿದ್ರೂ ನಡೆಯುತ್ತೆ, ಮೊದಲನೇ ದಿನ ನೋಡಬೇಕಾದ್ದು ಮನೆ ಮೀಟರ್ ಬೋರ್ಡು, ಅರ್ಥಿಂಗು (ಲೀಕ್ ಆದ ಕರೆಂಟನ್ನ ಭೂಮಿಗೆ ಇಳಿಸೋ ವ್ಯವಸ್ಥೆ), ಕರೆಂಟ್ ಬಿಲ್ಲು. ಇದನ್ನ ಯಾರೂ ಸರಿಯಾಗಿ ಬಿಡಿಸಿ ಹೇಳಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಲೆಕ್ಕ ಎಲ್ಲ ಅವರ ಒಪ್ಪಿಗೆ ತಗೊಂಡೇ ಹಾಕಿದೀನಿ.

ಮನೆ ಪರಿಸ್ಥಿತಿ ಹೀಗಿದೆ. ಮೈಸೂರು, ಕುವೆಂಪುನಗರ ಕಡೆ, ತೊಂಬತ್ತರ ದಶಕದಲ್ಲಿ ಕಟ್ಟಿದ ಸ್ವಂತ ಮನೆ, ಕೆಳಗಡೆ ಇವರು, ಮೇಲೆ ಬಾಡಿಗೆಯವರು, ಎರಡಕ್ಕೂ ಬೇರೆ ಬೇರೆ ಮೀಟರ್. ಗೇಟ್ ಒಳಗೆ ಒಂದು ಕಾರ್ ನಿಲ್ಲೋಷ್ಟು ಪೋರ್ಟಿಕೋ ಇದೆ. ಭಾವ ಕೆಲಸ ಮಾಡೋದು ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ, ಹೋಗಿ ಬರೋದು ಸೇರಿ ದಿನಕ್ಕೆ 50 ಕಿಲೋಮೀಟರ್ ಹತ್ತಿರ, ವಾರದ ಕೊನೆ ಓಡಾಟ ಎಲ್ಲ ಕೂಡಿಸಿದ್ರೆ ತಿಂಗಳಿಗೆ 1500 ಅಂತ ಇಟ್ಕೊಳ್ಳಿ. ಅವರ ಊರು ಸುಳ್ಯದ ಹತ್ರ, ಅಡಿಕೆ ತೋಟದ ಮನೆ, ಅಪ್ಪ-ಅಮ್ಮ ಅಲ್ಲೇ ಇರೋದು, ಹಾಗಾಗಿ ಮಡಿಕೇರಿ ಮೇಲಿಂದ ಸಂಪಾಜೆ ಘಾಟಿ ಇಳಿದು ಹತ್ತೋದು ತಪ್ಪಿದ್ದಲ್ಲ. ಇದ್ದ ಕಾರು ಹನ್ನೊಂದು ವರ್ಷ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಲೀಟರಿಗೆ 15 ಕೊಡ್ತಿತ್ತು. 2024 ಜೂನ್‌ನಲ್ಲಿ ರಾಜ್ಯ ಸರ್ಕಾರ ಸೇಲ್ಸ್ ಟ್ಯಾಕ್ಸ್ ಏರಿಸಿ ಪೆಟ್ರೋಲು ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆಗಿ 102 ದಾಟ್ತಲ್ಲ, ಆವಾಗ ಕೂತು ಲೆಕ್ಕ ಹಾಕಿದ್ರು: ತಿಂಗಳಿಗೆ 100 ಲೀಟರ್, ಹತ್ತು ಸಾವಿರದ ಇನ್ನೂರೈವತ್ತು ರೂಪಾಯಿ ಬರೀ ಪೆಟ್ರೋಲಿಗೆ. ಅಕ್ಕ ಹೇಳಿದ್ದು, "ನಮ್ಮ ಮಗನ ಸ್ಕೂಲ್ ಫೀಸ್‌ಗಿಂತ ಜಾಸ್ತಿ ಆಯ್ತಲ್ರೀ ಇದು."

ಕೊನೆಗೆ ಆರಿಸಿದ್ದು ಟಾಟಾ ಪಂಚ್ ಇವಿ, 35 ಕಿಲೋವ್ಯಾಟ್ ಅವರ್ ಬ್ಯಾಟರಿದು. 2024 ಜನವರಿಯಲ್ಲಿ ಆ ಗಾಡಿ ಬಂತು, 25 ಮತ್ತು 35 ಅಂತ ಎರಡು ಬ್ಯಾಟರಿ, ದೊಡ್ಡದಕ್ಕೆ ಸರ್ಟಿಫೈಡ್ ರೇಂಜ್ 421 ಕಿಲೋಮೀಟರ್. ಆ 421ನ್ನ ನಂಬ್ಕೊಂಡು ಯಾರೂ ಪ್ಲಾನ್ ಮಾಡಬೇಡಿ, ಅದು ಲ್ಯಾಬ್‌ನಲ್ಲಿ ರೋಲರ್ ಮೇಲೆ ಓಡಿಸಿ ತೆಗೆಯೋ ನಂಬರು, ಯಾವ ಕಂಪನಿದಾದ್ರೂ ಇದೇ ಕಥೆ. ಎಸಿ ಹಾಕ್ಕೊಂಡು ನಮ್ಮ ರೋಡಲ್ಲಿ ಓಡಿಸಿದ್ರೆ 270 ಆಸುಪಾಸು ಸಿಗ್ತಾ ಇದೆ. ಕಿಲೋವ್ಯಾಟ್ ಅವರ್ ಅಂದ್ರೆ ಗಾಬರಿ ಬೇಡ, ಕರೆಂಟ್ ಬಿಲ್ಲಲ್ಲಿ ನಾವು ಒಂದು ಯೂನಿಟ್ ಅಂತೀವಲ್ಲ ಅದೇ ಅದು. 35 ಯೂನಿಟ್ಟಲ್ಲಿ 270 ಕಿಲೋಮೀಟರ್, ಅಂದ್ರೆ ಒಂದು ಯೂನಿಟ್‌ಗೆ ಏಳೂವರೆಯಿಂದ ಎಂಟು ಕಿಲೋಮೀಟರ್. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬುನಾದಿ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಅದೇ ಸೈಜಿನ ಪೆಟ್ರೋಲ್ ಆಟೋಮ್ಯಾಟಿಕ್‌ಗೂ ಇದಕ್ಕೂ ಆನ್‌ರೋಡ್ ವ್ಯತ್ಯಾಸ ಅವರಿಗೆ ಬಂದಿದ್ದು 3 ಲಕ್ಷದ ಹತ್ತಿರ. ಎಕ್ಸ್‌ಶೋರೂಮ್ ಬೆಲೆ ನೋಡಿದ್ರೆ ವ್ಯತ್ಯಾಸ ಇನ್ನೂ ದೊಡ್ಡದಿತ್ತು, ಆದ್ರೆ ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸು ವಿಪರೀತ, 5ರಿಂದ 10 ಲಕ್ಷದ ಕಾರಿಗೆ 14%, ಆ ಟ್ಯಾಕ್ಸ್ ಮೇಲೆ ಮತ್ತೆ 11% ಸೆಸ್ಸು. ಇವಿ ಪಾಲಿಸಿ ಅಂತ ದೇಶದಲ್ಲಿ ಮೊದಲು ಮಾಡಿದ್ದು ಕರ್ನಾಟಕವೇ, 2017ರಲ್ಲಿ, ಅವರು ತಗೊಂಡ ಟೈಮಲ್ಲಿ 25 ಲಕ್ಷದೊಳಗಿನ ಇವಿಗೆ ರೋಡ್ ಟ್ಯಾಕ್ಸೇ ಇರಲಿಲ್ಲ. ಜಿಎಸ್‌ಟಿ ಕೂಡ ಇವಿಗೆ 5%. ಪೆಟ್ರೋಲ್ ಸಣ್ಣ ಕಾರಿಗೆ ಆಗ 28% ಪ್ಲಸ್ ಸೆಸ್ ಇತ್ತು, 2025 ಸೆಪ್ಟೆಂಬರ್ 22ರಿಂದ ಅದು 18% ಆಗಿದೆ, ಹಾಗಾಗಿ ಇವರ 3 ಲಕ್ಷದ ವ್ಯತ್ಯಾಸ ಈಗ ತಗೊಳ್ಳೋರಿಗೆ ಹಾಗೇ ಬರಲ್ಲ, ಜಾಸ್ತಿನೇ ಬರುತ್ತೆ, ಟ್ಯಾಕ್ಸ್ ನಿಯಮ ಬುಕ್ ಮಾಡೋ ದಿನ ಏನಿದೆ ಅಂತ ಆರ್‌ಟಿಒದಲ್ಲಿ ಕೇಳ್ಕೊಂಡು ಹೊಸದಾಗಿ ಹಾಕ್ಕೊಳ್ಳಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಇವಿಗೆ 15% ಕಮ್ಮಿ, 2022ರಿಂದ. ಸಾಲದ ಬಡ್ಡಿಗೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ 80ಇಇಬಿ ಅಂತ ಒಂದಿತ್ತು, ಈಗಲೂ ಕೆಲವರು ಅದನ್ನ ಹೇಳ್ತಾರೆ, ಅದು 2023 ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ಈಗ ಅರ್ಥಿಂಗ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಕೇಸಲ್ಲಿ ಅತಿ ಹೆಚ್ಚು ತಲೆ ತಿಂದಿದ್ದು ಅದೇ. ಯಾವ ಶೋರೂಮಲ್ಲಿ ಕೇಳಿದ್ರೂ ಮನೇಲಿ 15 ಆಂಪ್ ಪಾಯಿಂಟ್ ಇದ್ರೆ ಸಾಕು ಸಾರ್ ಅಂತಾರೆ. ಅದು ಸುಳ್ಳಲ್ಲ, ಅರ್ಧ ಮಾತು ಅಷ್ಟೇ. ಮನೇಲಿ ಪೋರ್ಟಿಕೋ ಗೋಡೆ ಮೇಲೆ 15 ಆಂಪ್ ಪಾಯಿಂಟ್ ಇತ್ತು, ಪ್ರೆಶರ್ ವಾಷರ್ ಹಾಕೋಕೆ ಅಂತ ಹಾಕ್ಸಿದ್ದು. ಕಾರ್ ಬರೋಕೆ ಮುಂಚೆನೇ ನಾನು ಭಾವಂಗೆ ಹೇಳಿದ್ದೆ, "ಭಾವ, ಗಾಡಿ ಬರೋ ಮೊದ್ಲು ಒಬ್ರು ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿಬಿಡಿ" ಅಂತ. ಬಂದವರು ವಯಸ್ಸಾದವರು, ಆ ಏರಿಯಾದ ಅರ್ಧ ಮನೆ ವೈರಿಂಗ್ ಅವರದ್ದೇ ಅಂತೆ. ಅವರು ಮಾಡಿದ್ದು ಬಹಳ ಸಿಂಪಲ್ಲು, ಹೋಲ್ಡರ್‌ಗೆ ಬಲ್ಬ್ ಹಾಕಿ ಎರಡು ವೈರ್ ಬಿಟ್ಕೊಂಡು, ಮೊದಲು ಫೇಸ್-ನ್ಯೂಟ್ರಲ್ ಮಧ್ಯೆ ಹಚ್ಚಿದ್ರು, ಫುಲ್ ಬೆಳಕು. ಆಮೇಲೆ ಫೇಸ್-ಅರ್ಥ್ ಮಧ್ಯೆ, ಮಿಣಿಮಿಣಿ ಅಂತು ಅಷ್ಟೇ. "ಸಾರ್, ಅರ್ಥ್ ಸತ್ತೋಗಿದೆ ಸಾರ್, ಇಷ್ಟು ವರ್ಷ ದೇವರು ಕಾಪಾಡಿದಾನೆ ನಿಮ್ಮನ್ನ" ಅಂದ್ರು.

ಫ್ರಿಜ್ಜು, ಗೀಸರು, ವಾಷಿಂಗ್ ಮಷೀನು ಇವೆಲ್ಲ ಅರ್ಥ್ ಇಲ್ದಿದ್ರೂ ಓಡ್ತವೆ, ಅದಕ್ಕೇ ಹಳೇ ಮನೆಗಳಲ್ಲಿ ಅರ್ಥ್ ಹಾಳಾಗಿರೋದು ಗೊತ್ತೇ ಆಗಲ್ಲ. ಕಾರ್ ಜೊತೆ ಬರೋ ಚಾರ್ಜರ್ ಹಾಗಲ್ಲ, ಅದು ಕರೆಂಟ್ ಬಿಡೋ ಮೊದಲು ಅರ್ಥ್ ಇದೆಯಾ ಅಂತ ತಾನೇ ನೋಡುತ್ತೆ, ಇಲ್ಲ ಅಂದ್ರೆ ಕೆಂಪು ಲೈಟ್ ಹತ್ತಿ ಸುಮ್ನೆ ಕೂರುತ್ತೆ. ಅದು ಸರಿಯೇ, ಮಳೇಲಿ ಒದ್ದೆ ನೆಲದ ಮೇಲೆ ನಿಂತು ಲೋಹದ ಗಾಡಿ ಮುಟ್ಟೋರು ನಾವು, ಒಳಗೆ ಎಲ್ಲೋ ಲೀಕೇಜ್ ಆದ್ರೆ ಆ ಕರೆಂಟು ಭೂಮಿಗೆ ಹೋಗೋ ದಾರಿ ಬೇಕಲ್ಲ. ಎಷ್ಟೋ ಜನ ಕಾರ್ ಮನೆಗೆ ತಂದ ಮೊದಲ ರಾತ್ರಿ ಚಾರ್ಜರ್ ಕೆಟ್ಟಿದೆ ಅಂತ ಫೋನ್ ಮಾಡ್ತಾರಂತೆ, ಕೆಟ್ಟಿರೋದು ಮನೆ ಅರ್ಥು. ಕೆಲವರು ಇದಕ್ಕೆ ನ್ಯೂಟ್ರಲ್ ವೈರನ್ನೇ ಅರ್ಥ್ ಪಿನ್ನಿಗೆ ಲೂಪ್ ಮಾಡಿ ಚಾರ್ಜರ್ ಕಣ್ಣಿಗೆ ಮಣ್ಣೆರಚ್ತಾರೆ. ದಯವಿಟ್ಟು ಇದನ್ನ ಮಾಡಬೇಡಿ, ಮಾಡೋಕೆ ಬಿಡಬೇಡಿ, ಎಲ್ಲೋ ನ್ಯೂಟ್ರಲ್ ಕಟ್ಟಾದ್ರೆ ಕಾರಿನ ಬಾಡಿಗೇ ಫೇಸ್ ಬರುತ್ತೆ, ಮಕ್ಕಳಿರೋ ಮನೆ.

ಇಲ್ಲಿ ಮಾಡಿದ್ದು ಇಷ್ಟು: ಕಾಂಪೌಂಡ್ ಮೂಲೇಲಿ ಹೊಸ ಗುಂಡಿ ತೋಡಿ ಪೈಪ್ ಅರ್ಥಿಂಗು, ಸುತ್ತ ಇದ್ದಿಲು-ಉಪ್ಪು. ಈಗ ಕೆಮಿಕಲ್ ಅರ್ಥಿಂಗ್ ಅಂತ ಪೌಡರ್ ತುಂಬೋದೂ ಇದೆ, ದುಡ್ಡು ಜಾಸ್ತಿ, ನಿರ್ವಹಣೆ ಕಮ್ಮಿ. ಇದ್ದಿಲು-ಉಪ್ಪಿಂದಾದ್ರೆ ಮಾರ್ಚ್-ಏಪ್ರಿಲಲ್ಲಿ ಮಣ್ಣು ಒಣಗಿದಾಗ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕ್ಬೇಕು, ಇಲ್ದಿದ್ರೆ ಅರ್ಥ್ ವೀಕ್ ಆಗಿ ಮತ್ತೆ ಕೆಂಪು ಲೈಟು. ಮೀಟರ್ ಬೋರ್ಡಿಂದ ಪೋರ್ಟಿಕೋವರೆಗೆ ಬೇರೇನೇ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಮಧ್ಯೆ ಜಾಯಿಂಟ್ ಇಲ್ಲದ ಹಾಗೆ, ಅದಕ್ಕೆ 20 ಆಂಪ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು), 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಕಟ್ ಮಾಡೋ ಸ್ವಿಚ್ಚು). ಹಳೇ ಮಾಡ್ಯುಲರ್ ಸಾಕೆಟ್ ತೆಗೆಸಿ ಇಂಡಸ್ಟ್ರಿಯಲ್ ಸಾಕೆಟ್ ಹಾಕ್ಸಿದ್ರು. ಗೀಸರು ಕಾಲು ಗಂಟೆ ಓಡಿ ಆಫ್ ಆಗುತ್ತೆ, ಕಾರು ಗಂಟೆಗಟ್ಟಲೆ 13-14 ಆಂಪ್ ಎಳೀತಾನೇ ಇರುತ್ತೆ, ಸಾಮಾನ್ಯ ಸಾಕೆಟ್ಟು ಅದನ್ನ ತಿಂಗಳಾನುಗಟ್ಟಲೆ ತಡ್ಕೊಳ್ಳಲ್ಲ, ಒಳಗೆ ಸ್ಕ್ರೂ ಸ್ವಲ್ಪ ಲೂಸ್ ಇದ್ರೂ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತೆ. ಚಾರ್ಜ್ ಆಗ್ತಿರುವಾಗ ಒಂದು ಗಂಟೆ ಬಿಟ್ಟು ಪ್ಲಗ್ ಹೊರಗಡೆ ಕೈ ಇಟ್ಟು ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗ್ದಷ್ಟು ಬಿಸಿ ಇದ್ರೆ ಅವತ್ತೇ ನಿಲ್ಸಿ.

7.2 ಕಿಲೋವ್ಯಾಟ್ ವಾಲ್ ಬಾಕ್ಸ್ (ಗೋಡೆಗೆ ಕೂರಿಸೋ ದೊಡ್ಡ ಚಾರ್ಜರ್) ಹಾಕ್ಸೋಣ್ವಾ ಅಂತ ಚರ್ಚೆ ಆಯ್ತು. ಅದಕ್ಕೆ 32 ಆಂಪ್ ಬೇಕು, ಇನ್ನೂ ದಪ್ಪ ವೈರು, ಮನೆ ಸ್ಯಾಂಕ್ಷನ್ಡ್ ಲೋಡ್, ಅಂದ್ರೆ ಮನೆಗೆ ಮಂಜೂರಾದ ಕರೆಂಟ್ ಮಿತಿ, ಏರಿಸ್ಬೇಕು. ಬೇಡ ಅಂತ ಬಿಟ್ರು, ಸರಿಯಾದ ತೀರ್ಮಾನ. ಜನ ಯೋಚಿಸೋದು ಬ್ಯಾಟರಿ ಸೊನ್ನೆಯಿಂದ ನೂರಕ್ಕೆ ಎಷ್ಟು ಹೊತ್ತು ಅಂತ, 15 ಆಂಪಲ್ಲಿ ಈ ಗಾಡಿಗೆ ಹನ್ನೆರಡು-ಹದಿಮೂರು ಗಂಟೆ ಅಂದ ತಕ್ಷಣ ಹೆದರ್ತಾರೆ. ಆದ್ರೆ ದಿನಾ ರಾತ್ರಿ ತುಂಬಿಸ್ಬೇಕಾದ್ದು ಅವತ್ತು ಖರ್ಚಾಗಿದ್ದು ಮಾತ್ರ. 50 ಕಿಲೋಮೀಟರಿಗೆ ಆರೂವರೆ-ಏಳು ಯೂನಿಟ್ಟು, 15 ಆಂಪ್ ಪಾಯಿಂಟ್ ಗಂಟೆಗೆ ಮೂರು ಯೂನಿಟ್ ಕೊಡುತ್ತೆ, ಊಟ ಮಾಡಿ ಪ್ಲಗ್ ಹಾಕಿದ್ರೆ ಎಲ್ಲರೂ ನಿದ್ದೆ ಹೋಗೋ ಹೊತ್ತಿಗೆ ಮುಗಿದೇ ಹೋಗಿರುತ್ತೆ.

ಇನ್ನು ಗೃಹಜ್ಯೋತಿ, ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ. ಕರ್ನಾಟಕದಲ್ಲಿ ಇವಿ ಲೆಕ್ಕ ಹಾಕೋರು ಇದನ್ನ ಬಿಟ್ಟು ಲೆಕ್ಕ ಹಾಕಿದ್ರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ, ಯೂಟ್ಯೂಬಲ್ಲಿ ದಿಲ್ಲಿ-ಮುಂಬೈಯವರು ಹೇಳೋ ಕಿಲೋಮೀಟರಿಗೆ ಒಂದು ರೂಪಾಯಿ ಅನ್ನೋದು ನಮ್ಮ ಮನೆಗಳಿಗೆ ನೇರವಾಗಿ ಕೂರಲ್ಲ. ಇವರ ಮನೆ ಸರಾಸರಿ ಬಳಕೆ 110 ಯೂನಿಟ್, ಗೃಹಜ್ಯೋತಿ ಪ್ರಕಾರ ಅದಕ್ಕೆ 10% ಸೇರಿಸಿ 121 ಯೂನಿಟ್‌ವರೆಗೂ ಸೊನ್ನೆ ಬಿಲ್ಲು, 2023ರಿಂದ ಹಾಗೇ ಬರ್ತಿತ್ತು. ಆ ಮಿತಿ ದಾಟಿ 200ರೊಳಗೆ ಇದ್ರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಕಟ್ಟಬೇಕು, 200 ದಾಟಿದ್ರೆ ಮುಗೀತು, ಮೊದಲ ಯೂನಿಟ್ಟಿಂದ ಪೂರ್ತಿ ಬಿಲ್ಲು, ಫಿಕ್ಸೆಡ್ ಚಾರ್ಜ್ ಸಮೇತ.

ಕಾರಿಗೆ ತಿಂಗಳಿಗೆ ಎಷ್ಟು ಬೇಕು ನೋಡಿ. 1500 ಕಿಲೋಮೀಟರಿಗೆ ಬ್ಯಾಟರಿಯಿಂದ 195 ಯೂನಿಟ್ ಖರ್ಚು, ಆದ್ರೆ ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ಚಾರ್ಜರಲ್ಲಿ, ವೈರಲ್ಲಿ ಬಿಸಿಯಾಗಿ ಹತ್ತು-ಹದಿನೈದು ಪರ್ಸೆಂಟ್ ಹೋಗುತ್ತೆ, ಮೀಟರಲ್ಲಿ ಓಡೋದು 220. ಮನೆದು 110, ಕೂಡಿದ್ರೆ 330. ಮನೆ ಕರೆಂಟು ಟ್ಯಾಕ್ಸ್, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದ್ರೆ 2,310, ಮೇಲೆ ಫಿಕ್ಸೆಡ್ ಚಾರ್ಜು. ಕಾರಿನ ಕರೆಂಟ್ ಖರ್ಚು 1,540 ಅಂತ ಅನ್ಕೊಂಡಿದ್ರೆ ನಿಜವಾಗಿ ಜೇಬಿಂದ ಹೋಗೋದು 2,800ರ ಹತ್ತಿರ, ಯಾಕಂದ್ರೆ ಸೊನ್ನೆ ಇದ್ದ ಮನೆ ಬಿಲ್ಲೂ ವಾಪಸ್ ಬಂತು. ಹತ್ತು ಸಾವಿರದ ಪೆಟ್ರೋಲ್ ಎದುರು ಇದೂ ಕಮ್ಮಿನೇ, ಆದ್ರೆ ಅಕ್ಕನಿಗೆ ಸೊನ್ನೆ ಬಿಲ್ ಕೈಬಿಡೋಕೆ ಸುತಾರಾಂ ಮನಸ್ಸಿಲ್ಲ. "ಕಾರು ನಿಮ್ದು, ಬಿಲ್ಲು ಮನೇದು, ಎರಡೂ ಯಾಕೆ ಕಲಸ್ತೀರ" ಅಂದ್ಲು ಭಾವಂಗೆ. ಅವಳು ಹೇಳಿದ್ದರಲ್ಲೇ ಪರಿಹಾರ ಇತ್ತು.

ಕೇಂದ್ರ ಸರ್ಕಾರ 2024 ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂತು, ಅದರ ಪ್ರಕಾರ ಇವಿ ಚಾರ್ಜ್ ಮಾಡೋಕೆ ಅಂತಲೇ ಗ್ರಾಹಕರು ಬೇರೆ ಕನೆಕ್ಷನ್ ಕೇಳಬಹುದು. ನಮ್ಮ ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡೋ ಆಯೋಗ ಕೆಇಆರ್‌ಸಿಯ ದರಪಟ್ಟಿಯಲ್ಲಿ ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ವಿಭಾಗ ಇದೆ, 2024ರಲ್ಲಿ ಅದು ಯೂನಿಟ್‌ಗೆ 4.50 ಇತ್ತು, ಮನೆ ದರಕ್ಕಿಂತ ಕಮ್ಮಿ. ಲೈಸೆನ್ಸ್ ಇರೋ ಕಂಟ್ರಾಕ್ಟರ್ ಹಿಡಿದು ಸೆಸ್ಕ್‌ಗೆ (ಮೈಸೂರು ಕಡೆ ಕರೆಂಟ್ ಕೊಡೋ ಕಂಪನಿ) ಅರ್ಜಿ ಹಾಕ್ಸಿ, ಡೆಪಾಸಿಟ್ ಕಟ್ಟಿ, ಪೋರ್ಟಿಕೋ ಗೋಡೆ ಮೇಲೆ ಮೂರನೇ ಮೀಟರ್ ಕೂರಿಸಿದ್ರು. ಈಗ ಆ ಮೀಟರ್ ಬಿಲ್ಲು ಫಿಕ್ಸೆಡ್ ಚಾರ್ಜ್, ಟ್ಯಾಕ್ಸ್ ಸೇರಿ 1,400ರ ಒಳಗೆ ಬರ್ತಿದೆ, ಮನೆ ಬಿಲ್ಲು ಸೊನ್ನೆಯಾಗೇ ಉಳ್ಕೊಂಡಿದೆ. ಅರ್ಥಿಂಗು, ವೈರಿಂಗು, ಮೀಟರು ಎಲ್ಲ ಸೇರಿ ಮನೆಗೆ ಹಾಕಿದ್ದು 40 ಸಾವಿರ. ಇದನ್ನ ಕಾರಿನ ಬೆಲೆ ಜೊತೆಗೇ ಕೂಡಿಸಿ, ಇದು ಎಕ್ಸ್‌ಟ್ರಾ ಅಲ್ಲ, ಕಾರಿನದೇ ಭಾಗ.

ಹಂಗಾದ್ರೆ 3.4 ಲಕ್ಷ ಹೆಚ್ಚುವರಿ, ತಿಂಗಳಿಗೆ ಉಳಿಯೋದು ಎಂಟೂವರೆ-ಒಂಬತ್ತು ಸಾವಿರ, ಮೂರೂಕಾಲು ವರ್ಷದಲ್ಲಿ ವಾಪಸ್. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಇರೋದ್ರಿಂದ ಇವರ ಓಟಕ್ಕೆ ಧೈರ್ಯವಾಗಿ ತಗೋಬಹುದು ಅನ್ನಿಸ್ತು. ಇಲ್ಲೇ ಇನ್ನೊಂದು ಮಾತೂ ಹೇಳಲೇಬೇಕು. ಅಕ್ಕನ ಫ್ರೆಂಡ್ ಒಬ್ಬರು ಇವರನ್ನ ನೋಡಿ ತಾವೂ ತಗೋಬೇಕು ಅಂತ ಬಂದ್ರು, ಅವರ ಓಡಾಟ ತಿಂಗಳಿಗೆ 400 ಕಿಲೋಮೀಟರ್, ಸರಸ್ವತಿಪುರಂನಿಂದ ಮಾರ್ಕೆಟ್ಟು, ಸ್ಕೂಲು, ಅಷ್ಟೇ. ಅವರಿಗೆ ಪೆಟ್ರೋಲ್ ಖರ್ಚೇ 2,700, ಉಳಿಯೋದು ಹೆಚ್ಚಂದ್ರೆ 2,300, ಅದೇ 3.4 ಲಕ್ಷ ವಾಪಸ್ ಬರೋಕೆ ಹನ್ನೆರಡು ವರ್ಷ. ನಾನು ಅವರಿಗೆ ಬೇಡ ಮೇಡಂ, ಇರೋ ಕಾರನ್ನೇ ಚೆನ್ನಾಗಿ ಇಟ್ಕೊಳ್ಳಿ ಅಂತಲೇ ಹೇಳಿದೆ. ಓಡದೇ ಇರೋ ಇವಿ ಮನೆ ಮುಂದೆ ನಿಂತಿದ್ರೆ ಯಾರಿಗೂ ಏನೂ ಉಳಿಯಲ್ಲ.

ಊರಿನ ದಾರಿ ಬೇರೆಯದ್ದೇ ಅಧ್ಯಾಯ. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ರಾಷ್ಟ್ರೀಯ ಹೆದ್ದಾರಿ 275, ಒಟ್ಟು 170 ಕಿಲೋಮೀಟರ್ ಆಸುಪಾಸು. 270 ಓಡೋ ಗಾಡಿಗೆ 170 ಅಂದ್ರೆ ಆರಾಮ ಅನ್ಸುತ್ತಲ್ವಾ, ಹೋಗುವಾಗ ನಿಜವಾಗಲೂ ಆರಾಮ. ಫುಲ್ ಚಾರ್ಜಲ್ಲಿ ಹೊರಟ್ರೆ ಸುಳ್ಯ ಮುಟ್ಟುವಾಗ 40% ಉಳಿದಿರುತ್ತೆ, ಘಾಟಿ ಇಳಿಯುವಾಗ ಪರ್ಸೆಂಟ್ ಇಳಿಯೋ ಬದಲು ಏರುತ್ತೆ ಕೂಡ, ಮೋಟರೇ ಜನರೇಟರ್ ಥರ ತಿರುಗಿ ಬ್ಯಾಟರಿಗೆ ವಾಪಸ್ ತುಂಬುತ್ತೆ. ಬ್ರೇಕ್ ಮೇಲೆ ಕಾಲಿಡೋದೇ ಅಪರೂಪ, ಪೆಟ್ರೋಲ್ ಕಾರಲ್ಲಿ ಆ ಇಳಿಜಾರಲ್ಲಿ ಬ್ರೇಕ್ ಪ್ಯಾಡ್ ವಾಸನೆ ಬರ್ತಿದ್ದಿದ್ದು ಗೊತ್ತಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ. ಒಂದು ವಿಷಯ ನೆನಪಿಡಿ, ಮಡಿಕೇರಿಯಲ್ಲೇ ಎಲ್ಲೋ ರಾತ್ರಿ ಉಳ್ಕೊಂಡು 100% ತುಂಬಿಸ್ಕೊಂಡು ಇಳಿಯೋಕೆ ಹೊರಟ್ರೆ ಈ ಸೌಲಭ್ಯ ಇರಲ್ಲ, ತುಂಬಿದ ಬ್ಯಾಟರಿಗೆ ಮತ್ತೆ ಎಲ್ಲಿ ತುಂಬೋದು, ಆಗ ಮಾಮೂಲಿ ಬ್ರೇಕೇ ಗತಿ. 80ಕ್ಕೆ ನಿಲ್ಸಿ ಇಳೀರಿ.

ವಾಪಸ್ ಬರೋದು ಕಷ್ಟ. ಸಂಪಾಜೆ ಕೆಳಗಿಂದ ಮಡಿಕೇರಿಗೆ ಹತ್ತಿರತ್ತಿರ ಸಾವಿರ ಮೀಟರ್ ಏರಬೇಕು. ಕಾರು, ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಹಲಸು ಎಲ್ಲ ಸೇರಿ 1700 ಕೆಜಿ ಅಂತಿಟ್ಕೊಳ್ಳಿ, ಅಷ್ಟು ತೂಕನ ಸಾವಿರ ಮೀಟರ್ ಎತ್ತೋಕೆ ಹೈಸ್ಕೂಲ್ ಫಿಸಿಕ್ಸ್ ಪ್ರಕಾರವೇ 4.6 ಯೂನಿಟ್ ಬೇಕು, ಮೋಟರ್ ನಷ್ಟ ಸೇರಿ ಐದೂವರೆ. ಇದು ಬರೀ ಎತ್ತೋಕೆ, ಮುಂದಕ್ಕೆ ಓಡೋ ಆರೂವರೆ ಬೇರೆ. ಸುಳ್ಯದಿಂದ ಮಡಿಕೇರಿ 50 ಕಿಲೋಮೀಟರಿಗೆ 12 ಯೂನಿಟ್ ಹೋಗುತ್ತೆ, ಬ್ಯಾಟರಿಯ ಮೂರನೇ ಒಂದು ಭಾಗ. ಆಮೇಲೆ ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರಿಗೆ 14 ಸಾಕು! ಮೀಟರ್ ಮೇಲೆ ಕಾಣೋ ರೇಂಜ್ ನಂಬರ್ ಘಾಟಿ ಹತ್ತುವಾಗ ಕಣ್ಮುಂದೆ ಕುಸೀತಾ ಹೋಗುತ್ತೆ, ಗೊತ್ತಿಲ್ಲದವರು ಅಲ್ಲೇ ಬೆವರ್ತಾರೆ. ಮಡಿಕೇರಿ ದಾಟಿದ ಮೇಲೆ ಅದೇ ನಂಬರು ಸಮಾಧಾನಕ್ಕೆ ಬರುತ್ತೆ.

ಒಟ್ಟು 26 ಯೂನಿಟ್, ಫುಲ್ ಇದ್ರೆ ನಿಲ್ಲದೇ ಬರಬಹುದು. ಫುಲ್ ಆಗೋದೇ ಪ್ರಶ್ನೆ. ಕಾರ್ ತಗೋತೀವಿ ಅಂದಾಗಲೇ ಭಾವನ ಅಪ್ಪ ಫೋನಲ್ಲಿ ಕೇಳಿದ್ರು, "ಇಲ್ಲಿ ಮಳೆ ಬಂದ್ರೆ ಕರೆಂಟೇ ಇರುದಿಲ್ಲ ಮಾರಾಯ, ಕರೆಂಟಿನ ಕಾರು ತಂದು ಎಂಥ ಮಾಡುದು ನೀನು?" ತೋಟದ ಮನೆ ಟ್ರಾನ್ಸ್‌ಫಾರ್ಮರಿಂದ ದೂರ, ನಲ್ಲಿ ಪೈಪಿನ ಕೊನೇ ಮನೆಗೆ ನೀರು ಸಣ್ಣಗೆ ಬರೋ ಹಾಗೆ ವೋಲ್ಟೇಜು, ಸಂಜೆ ಪಂಪ್‌ಸೆಟ್‌ಗಳು ಶುರುವಾದ್ರೆ 180ಕ್ಕೆ ಇಳಿಯುತ್ತೆ. ಅಷ್ಟು ಕಮ್ಮೀಲಿ ಚಾರ್ಜರ್ ಒಂದು ಸಲ ಹಿಡಿಯುತ್ತೆ, ಒಂದು ಸಲ ಬಿಡುತ್ತೆ. ಕರೆಂಟ್ ಕಮ್ಮಿ ಎಳೆಯೋ ಹಾಗೆ 10 ಆಂಪ್‌ಗೆ ಇಳಿಸ್ಕೊಂಡು, ರಾತ್ರಿ ಹತ್ತರ ಮೇಲೆ ಹಾಕಿದ್ರೆ ಬೆಳಗ್ಗೆವರೆಗೆ 14-15 ಯೂನಿಟ್ ತುಂಬುತ್ತೆ, ಇನ್ವರ್ಟರ್ ಲೈನಿಗೆ ಮಾತ್ರ ಯಾವತ್ತೂ ಹಾಕಬಾರದು. ಎರಡು ರಾತ್ರಿ ಉಳಿದ್ರೆ ಪೂರ್ತಿ, ಒಂದೇ ರಾತ್ರಿ ಆದ್ರೆ, ಅಥವಾ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ, ಇದ್ದಷ್ಟರಲ್ಲಿ ಘಾಟಿ ಹತ್ತಿ ಮಡಿಕೇರೀಲೋ ಕುಶಾಲನಗರದಲ್ಲೋ ಡಿಸಿ ಫಾಸ್ಟ್ ಚಾರ್ಜರಲ್ಲಿ ಅರ್ಧ ಗಂಟೆ. ಅದರಲ್ಲಿ ಯೂನಿಟ್‌ಗೆ 20 ರೂಪಾಯಿ ಮೇಲೆನೇ ಬೀಳುತ್ತೆ ಜಿಎಸ್‌ಟಿ ಸೇರಿ, ದಿನಾ ಅದರಲ್ಲೇ ಚಾರ್ಜ್ ಮಾಡೋ ಪರಿಸ್ಥಿತಿ ಇದ್ರೆ ಕಿಲೋಮೀಟರಿಗೆ 3 ರೂಪಾಯಿ ಆಗಿ ಮೇಲಿನ ಲೆಕ್ಕದ ಉಳಿತಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕರಗುತ್ತೆ, ಊರಿಗೆ ಹೋಗಿಬರುವಾಗ ಒಂದ್ಸಲಕ್ಕೆ ಪರವಾಗಿಲ್ಲ.

ಭಾವ ಒಂದು ನಿಯಮ ಮಾಡ್ಕೊಂಡಿದಾರೆ, ಘಾಟಿ ಹತ್ತೋಕೆ ಬ್ಯಾಟರಿ 55%ಗಿಂತ ಕಮ್ಮಿ ಇದ್ರೆ ಸುಳ್ಯ ಬಿಡಲ್ಲ. ಜಾಸ್ತಿ ಅನ್ನಿಸ್ಬಹುದು, ಆದ್ರೆ 2018 ಆಗಸ್ಟಲ್ಲಿ ಜೋಡುಪಾಲ ಹತ್ರ ಗುಡ್ಡ ಕುಸಿದು ಈ ಹೆದ್ದಾರಿ ಬಂದ್ ಆಗಿದ್ದು ನೋಡಿದವರು ಅವರು, ದಾರಿ ಮಧ್ಯೆ ವಾಪಸ್ ತಿರುಗ್ಬೇಕಾಗಿ ಬಂದ್ರೆ ಕೈಯಲ್ಲಿ ಇರಲಿ ಅಂತ. ನನಗೆ ಇದು ಅತಿ ಅನ್ಸಲ್ಲ. ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ಕಡೆ ಮನೆ ಇರೋರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥದ್ದೊಂದು ನಿಯಮ ಇಟ್ಕೊಳ್ಳಲೇಬೇಕು.

ಬೆಂಗಳೂರಿಗೆ ಹೋಗೋದರ ಬಗ್ಗೆ ಜಾಸ್ತಿ ಹೇಳೋಕಿಲ್ಲ, 145 ಕಿಲೋಮೀಟರ್, ಘಾಟಿ ಇಲ್ಲ, ದಾರಿಯುದ್ದ ಚಾರ್ಜರ್ ಇದಾವೆ. ಎಕ್ಸ್‌ಪ್ರೆಸ್‌ವೇಲಿ 100ರಲ್ಲಿ ಹೋದ್ರೆ ರೇಂಜ್ ಬೇಗ ಇಳಿಯುತ್ತೆ, 80ರಲ್ಲಿ ಹೋದ್ರೆ ಸಾಕಷ್ಟು ಉಳಿಯುತ್ತೆ, ಗಾಳಿ ತಡೆ ವೇಗದ ವರ್ಗದಷ್ಟು ಏರೋದ್ರಿಂದ. ಪೆಟ್ರೋಲ್ ಕಾರು ಹೈವೇಲಿ ಒಳ್ಳೆ ಮೈಲೇಜ್ ಕೊಟ್ಟು ಸಿಟಿ ಟ್ರಾಫಿಕ್ಕಲ್ಲಿ ಕುಡೀತಿತ್ತು, ಇದು ಉಲ್ಟಾ, ಸಿಟಿಯೊಳಗೇ ಚೆನ್ನಾಗಿ ಕೊಡುತ್ತೆ.

ಸರ್ವಿಸ್ಸಲ್ಲಿ ಇಂಜಿನ್ ಆಯಿಲ್ಲು, ಆಯಿಲ್ ಫಿಲ್ಟರು, ಕ್ಲಚ್ಚು, ಸ್ಪಾರ್ಕ್ ಪ್ಲಗ್ಗು ಏನೂ ಇಲ್ಲ, ಕೂಲೆಂಟ್, ಬ್ರೇಕ್ ಆಯಿಲ್, ಟೈರು ನೋಡ್ಕೊಂಡ್ರೆ ಆಯ್ತು. ಟೈರ್ ಸ್ವಲ್ಪ ಬೇಗ ಸವೆಯುತ್ತೆ, ತೂಕ ಜಾಸ್ತಿ, ಎಳೆತ ಜಾಸ್ತಿ. ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ, ಇವಿಯಲ್ಲೂ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತೆ, ಡೋರ್ ಲಾಕು, ಕಂಪ್ಯೂಟರು, ದೊಡ್ಡ ಬ್ಯಾಟರಿನ ಆನ್ ಮಾಡೋ ಸ್ವಿಚ್ಚು ಎಲ್ಲ ಅದರಿಂದಲೇ. ದೊಡ್ಡದು 90% ಇದ್ರೂ ಸಣ್ಣದು ಸತ್ರೆ ಗಾಡಿ ಏಳಲ್ಲ. ವರ್ಷಕ್ಕೊಂದ್ಸಲ ಚೆಕ್ ಮಾಡ್ಸೋದು ಒಳ್ಳೇದು. ದಿನಾ 100% ತುಂಬಿಸಬೇಕಾ ಅಂತ ಕೇಳೋರಿಗೆ, ಇವಿ ಬ್ಯಾಟರಿ ಸೆಲ್‌ನಲ್ಲಿ ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಮುಖ್ಯವಾಗಿ ಎರಡು ಬಗೆ, ಎಲ್‌ಎಫ್‌ಪಿ ಸೆಲ್ ಆದ್ರೆ ಆಗಾಗ 100 ಮಾಡ್ಲೇಬೇಕು, ಅದರ ವೋಲ್ಟೇಜ್ ಮಧ್ಯದಲ್ಲಿ ಒಂದೇ ಸಮ ಇರೋದ್ರಿಂದ ಪೂರ್ತಿ ತುಂಬಿದಾಗ ಮಾತ್ರ ಕಂಪ್ಯೂಟರಿಗೆ ಸರಿಯಾದ ಅಂದಾಜು ಸಿಗೋದು, ಎನ್‌ಎಂಸಿ ಆದ್ರೆ ದಿನದ ಬಳಕೆಗೆ 80 ಸಾಕು. ನಿಮ್ಮ ಗಾಡಿದು ಯಾವುದು ಅಂತ ಮ್ಯಾನುಯಲ್ಲಲ್ಲಿ ನೋಡಿ.

ರಾತ್ರಿ ಚಾರ್ಜ್ ಮಾಡೋ ಕರೆಂಟು ಎಲ್ಲಿಂದ ಬರುತ್ತೆ, ಅದೂ ಕಲ್ಲಿದ್ದಲೇ ತಾನೇ ಅಂತ ಕೇಳೋರಿಗೂ ನೇರ ಉತ್ತರ ಕೊಡಬೇಕು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ರಾತ್ರಿ ಏನೂ ಕೊಡಲ್ಲ, ನಿಜ. ಶರಾವತಿ ನೀರು, ಚಿತ್ರದುರ್ಗ ಕಡೆಯ ಗಾಳಿ, ರಾಯಚೂರಿನ ಕಲ್ಲಿದ್ದಲು ಎಲ್ಲ ಕಲೆತೇ ರಾತ್ರಿ ಕರೆಂಟ್ ಬರೋದು. ಭಾವ ಈಗ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೇಲ್ಛಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕ್ಸೋ ಯೋಚನೆಯಲ್ಲಿದಾರೆ, 78,000 ಸಬ್ಸಿಡಿ ಇದೆ, ಆದ್ರೆ ಹಗಲು ಕಾರು ನಂಜನಗೂಡಲ್ಲಿ, ಬಿಸಿಲು ಮೈಸೂರಲ್ಲಿ, ಮನೆ ಮೀಟರ್ ಮೊದಲೇ ಸೊನ್ನೆ. ಹಾಗಾಗಿ ಅದು ಇನ್ನೂ ತೀರ್ಮಾನ ಆಗಿಲ್ಲ, ಫ್ಯಾಕ್ಟರಿ ಪಾರ್ಕಿಂಗಲ್ಲಿ ಹಗಲು ಹೊತ್ತು ಚಾರ್ಜ್ ಮಾಡೋಕೆ ಪಾಯಿಂಟ್ ಕೊಡ್ತಾರಾ ಅಂತ ಮೊದಲು ಕೇಳ್ತಿದಾರೆ.

ಈಗ ಮೇಲ್ಮನೆ ಬಾಡಿಗೆ ಹುಡುಗ ಎಲೆಕ್ಟ್ರಿಕ್ ಸ್ಕೂಟರ್ ತಗೋತಿದಾನೆ, ಅವನೂ ಬೇರೆ ಮೀಟರ್ ಹಾಕ್ಸಣ್ವಾ ಅಂಕಲ್ ಅಂತ ಭಾವನ್ನ ಕೇಳ್ದ. ಅವನ ಮನೆ ಬಳಕೆ 80 ಯೂನಿಟ್, ಗೃಹಜ್ಯೋತಿ ಮಿತಿ 88, ಸ್ಕೂಟರಿಗೆ ತಿಂಗಳಿಗೆ ಹೆಚ್ಚಂದ್ರೆ 30 ಯೂನಿಟ್. 110 ಆಗುತ್ತೆ, 200ರ ಹತ್ರನೂ ಬರಲ್ಲ, ಮಿತಿ ದಾಟಿದ 22 ಯೂನಿಟ್‌ಗೆ ಕಟ್ಟಿದ್ರೆ ಆಯ್ತು, ತಿಂಗಳಿಗೆ 150-160 ರೂಪಾಯಿ. ಬೇರೆ ಮೀಟರ್ ಅವನಿಗೆ ದಂಡ. ಹೊಸ ಅರ್ಥ್ ಪಿಟ್ಟಿಂದ ಮೇಲ್ಗಡೆ ಬೋರ್ಡಿಗೂ ಒಂದು ವೈರ್ ಎಳೆಸಿಕೊಡೋಕೆ ಭಾವ ಅದೇ ಎಲೆಕ್ಟ್ರಿಷಿಯನ್‌ಗೆ ಹೇಳಿದಾರೆ.